ಕಜ್ಜಾಯದ ಪಾಕ

ದೀಪಾವಳಿ ಬಂತು. ಆವನಿ ಬೆಟ್ಟದ ಸುತ್ತ, ನಮ್ಮ ಕೋಲಾರ ಸೀಮೆಯ ಎಷ್ಟೋ ಮನೆಗಳಲ್ಲಿ ಆಗ ನೋಮು. ಕೇದಾರೇಶ್ವರನಿಗೆ ಕಜ್ಜಾಯದ ಎಡೆ. ತೆಲುಗು ಆಡುವ ಮನೆಯವರು ಇದನ್ನೇ ಅರಿಸೆಲು ಅನ್ನುತ್ತಾರೆ. ಅತ್ತೆಯಿಂದ ಸೊಸೆಗೆ ಬಂದ ಕೆಲಸ ಇದು.

ಅಕ್ಕಿ ನೆನೆಹಾಕುತ್ತೇವೆ. ನೀರು ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡುತ್ತೇವೆ. ಪೂರಾ ಒಣಗಬಾರದು. ಕೈಗೆ ತೇವ ಹತ್ತುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. 1 ಕಿಲೋ ಅಕ್ಕಿಗೆ ಮುಕ್ಕಾಲು ಕಿಲೋ ಬೆಲ್ಲ. ಅಜ್ಜಿಯನ್ನು ಕೇಳಿದರೆ ಸೇರು, ಪಾವು ಅನ್ನುತ್ತಾರೆ.

ಕಷ್ಟ ಇರೋದು ಪಾಕದಲ್ಲಿ. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕುದಿಸಿ. ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ನೋಡಿ. ಬೆರಳಲ್ಲಿ ಮೆತ್ತಗೆ ಉಂಡೆ ಆಯಿತೋ, ಕೂಡಲೇ ಇಳಿಸಿ ಹಿಟ್ಟು ಕಲಸಿ. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತೆ. ಏರಿದರೆ ಕಲ್ಲು! ಹಲ್ಲಿಲ್ಲದ ಅಜ್ಜಿ ಹೇಗೆ ತಿಂದಾರು? ಏಲಕ್ಕಿ, ಗಸಗಸೆ ಸೇರಿಸಿ ಒಂದು ರಾತ್ರಿ ಬಿಡಿ. ಮಾರನೆ ದಿನ ಬಾಳೆ ಎಲೆ ಮೇಲೆ ತಟ್ಟಿ, ಸಣ್ಣ ಉರಿಯಲ್ಲಿ ಕರಿಯಿರಿ. ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ತೆಗೆಯಿರಿ.

ಈ ಅಳತೆ, ಈ ಹದ ಎಲ್ಲ ಅಜ್ಜಿಯ ಕೈಯಲ್ಲೇ ಇದೆ. ಎಲ್ಲೂ ಬರೆದಿಲ್ಲ. ಅವರಿಗೆ ಬರೆಯೋಕೆ ಯಾರೂ ಕಲಿಸಲಿಲ್ಲ. ಅಜ್ಜಿ ಹೋದ ಮೇಲೆ ಕೆಲವು ಮನೆಗಳಿಗೆ ಕಜ್ಜಾಯ ಅಂಗಡಿಯಿಂದ ಬರುತ್ತೆ. ಈಗ ನಮಗೆ ಅಕ್ಷರ ಬರುತ್ತೆ. ಈ ಸಲ ಒಲೆ ಮುಂದೆ ಅಜ್ಜಿಯ ಪಕ್ಕ ಕೂರೋಣ.

ಕೇಳಿ ಬರೆಯಿರಿ:

ನಮ್ಮ ಮನೆಯ ಕಜ್ಜಾಯ
ಅಕ್ಕಿ ............
ಬೆಲ್ಲ ............
ಕಲಿಸಿದವರ ಹೆಸರು ............