ಪ್ರಶ್ನೆಯ ವಾಕ್ಯ ಮತ್ತು ಪರೀಕ್ಷಾರ್ಥಿಯ ಉತ್ತರ: ಕನ್ನಡ ವ್ಯಾಕರಣ ಪ್ರಶ್ನೆಗಳ ಪದಯೋಜನೆಯನ್ನು ಕುರಿತು

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯೊಂದಕ್ಕೆ ಅತಿಥಿ ಉಪನ್ಯಾಸಕನಾಗಿ ವ್ಯಾಕರಣ ಬೋಧಿಸುತ್ತಿದ್ದಾಗ ಕಿರುಪರೀಕ್ಷೆಯೊಂದಕ್ಕೆ ನಾನೇ ರಚಿಸಿದ ಪ್ರಶ್ನೆ ಇದು: 'ಮರದಿಂದ ಹಣ್ಣು ಬಿದ್ದಿತು. ಇಲ್ಲಿ ಮರದಿಂದ ಎಂಬುದು ಯಾವ ವಿಭಕ್ತಿ?' ನನ್ನ ಉತ್ತರಸೂಚಿಯಲ್ಲಿ ಇದ್ದದ್ದು ತೃತೀಯಾ. ಪಂಚಮೀ ಎಂದು ಬರೆದ ವಿದ್ಯಾರ್ಥಿನಿಯೊಬ್ಬಳ ಅಂಕವನ್ನು ಕಳೆದೆ. ಆಕೆ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಬಂದು, "ಸರ್, ಇಲ್ಲಿ ಮರ ಸಾಧನ ಅಲ್ಲವಲ್ಲ, ಹಣ್ಣು ಬಿಟ್ಟುಬಂದ ಜಾಗ ತಾನೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. 'ಇಂದ' ಎಂಬ ಪ್ರತ್ಯಯವನ್ನು ನೋಡಿದವರಿಗೆ ಅದು ತೃತೀಯಾ. ಅಗಲಿಕೆಯ ಅರ್ಥವನ್ನು ನೋಡಿದವರಿಗೆ ಪಂಚಮೀ. ನಾನು ಕೇಳಿದ್ದು ರೂಪವನ್ನೋ ಅರ್ಥವನ್ನೋ ಎಂಬುದು ಪ್ರಶ್ನೆಯಲ್ಲಿ ಎಲ್ಲಿಯೂ ಇರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಮಾತ್ರ ಇತ್ತು.

ಪ್ರಸ್ತುತ ಲೇಖನವು ಈ ಬಗೆಯ ಪ್ರಶ್ನೆಗಳ ಭಾಷೆಯನ್ನು ಪರಿಶೀಲಿಸುತ್ತದೆ. ಕನ್ನಡ ವ್ಯಾಕರಣದ ಬೋಧನೆಯ ಬಗೆಗೆ, ಪಠ್ಯಕ್ರಮದ ಬಗೆಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಆದರೆ ವ್ಯಾಕರಣವನ್ನು ಪರೀಕ್ಷಿಸುವ ವಾಕ್ಯವೂ ಒಂದು ಕನ್ನಡ ವಾಕ್ಯವೇ, ಅದಕ್ಕೂ ವ್ಯಾಕರಣವಿದೆ ಎಂಬ ಕಡೆಗೆ ಗಮನ ಹರಿದದ್ದು ಕಡಿಮೆ. ವಸ್ತುನಿಷ್ಠ ಪ್ರಶ್ನೆಗಳ ವ್ಯಾಪ್ತಿ ಹೆಚ್ಚಿದಂತೆ ಈ ಅಲಕ್ಷ್ಯದ ಬೆಲೆಯೂ ಹೆಚ್ಚಿದೆ. ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಪ್ರಶ್ನೆಗಳಲ್ಲಿ 30 ಮೊದಲ ಭಾಷೆಗೆ ಮೀಸಲು. ಯುಜಿಸಿಯ ನೆಟ್ ಪರೀಕ್ಷೆಯ ಮೂರನೆಯ ಪತ್ರಿಕೆಯೂ 2012ರ ಜೂನ್‌ನಿಂದ ವಸ್ತುನಿಷ್ಠ ರೂಪಕ್ಕೆ ಬಂದಿತು. ವಿವರಣಾತ್ಮಕ ಪ್ರಶ್ನೆಯಲ್ಲಿ ಪರೀಕ್ಷಾರ್ಥಿ ತನ್ನ ತರ್ಕವನ್ನು ಬರೆದು ತೋರಿಸಬಲ್ಲ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಆತನಿಗೆ ಉಳಿಯುವುದು ಒಂದು ವೃತ್ತ ಮಾತ್ರ. ಅಲ್ಲಿ ಪ್ರಶ್ನೆ ಎಡವಿದರೆ ದಂಡ ತೆರುವವನು ಉತ್ತರಿಸಿದವನೇ ಹೊರತು ಪ್ರಶ್ನೆ ಬರೆದವನಲ್ಲ.

ಮೊದಲು ಮಿತವ್ಯಯದ ವಿಚಾರ. ಸೂತ್ರವು ಅಲ್ಪಾಕ್ಷರವೂ ಅಸಂದಿಗ್ಧವೂ ಆಗಿರಬೇಕೆಂಬುದು ನಮ್ಮ ಶಾಸ್ತ್ರಪರಂಪರೆಯ ನಿಲುವು. ಅರ್ಧಮಾತ್ರೆ ಉಳಿದರೂ ವೈಯಾಕರಣರು ಮಗ ಹುಟ್ಟಿದಷ್ಟು ಹಿಗ್ಗುತ್ತಾರೆ ಎಂಬ ಮಾತೂ ಪ್ರಸಿದ್ಧವಾದದ್ದು. ಆದರೆ ಈ ಪರಂಪರೆಯ ಇನ್ನೊಂದು ಮುಖವನ್ನು ನಾವು ಮರೆಯುತ್ತೇವೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕಂದಪದ್ಯದ ಸೂತ್ರಕ್ಕೆ ವೃತ್ತಿಯನ್ನೂ ಪ್ರಯೋಗಗಳನ್ನೂ ತಾನೇ ಒದಗಿಸಿದ್ದಾನೆ. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಭಟ್ಟಾಕಳಂಕನು ಅದಕ್ಕೆ ಭಾಷಾಮಂಜರಿ ಎಂಬ ವೃತ್ತಿಯನ್ನು, ಮಂಜರೀಮಕರಂದ ಎಂಬ ವ್ಯಾಖ್ಯಾನವನ್ನು ಜೋಡಿಸಿದ್ದಾನೆ. ಸೂತ್ರದ ಸಂಕ್ಷೇಪ ನಿಂತಿರುವುದು ವೃತ್ತಿಯ ಬಲದ ಮೇಲೆ. ಪ್ರಶ್ನೆಪತ್ರಿಕೆಗೆ ವೃತ್ತಿ ಇಲ್ಲ. ಪರೀಕ್ಷಾ ಕೊಠಡಿಯಲ್ಲಿ ವ್ಯಾಖ್ಯಾನಕಾರನೂ ಇರುವುದಿಲ್ಲ. ಆದ್ದರಿಂದ ಪ್ರಶ್ನೆಯ ಸಂಕ್ಷೇಪವೆಂದರೆ ಅಕ್ಷರಗಳನ್ನು ಉಳಿಸುವುದಲ್ಲ, ಓದುಗನ ಶ್ರಮವನ್ನು ಉಳಿಸುವುದು. 'ಈ ಕೆಳಗಿನವುಗಳಲ್ಲಿ' ಎಂಬ ಮೊದಲನ್ನು ಬಹುಪಾಲು ಪ್ರಶ್ನೆಗಳಿಂದ ತೆಗೆದುಹಾಕಬಹುದು, ಏಕೆಂದರೆ ಆಯ್ಕೆಗಳು ಕೆಳಗೇ ಇವೆ, ಅದು ಎಲ್ಲರಿಗೂ ಕಾಣುತ್ತದೆ. ಆದರೆ 'ಪ್ರತ್ಯಯದ ದೃಷ್ಟಿಯಿಂದ' ಎಂಬ ಎರಡು ಪದಗಳನ್ನು ನಾನು ಅಂದು ಉಳಿಸಿದ್ದು ಮಿತವ್ಯಯವಲ್ಲ, ಅದು ಲೋಪ.

ಪದವನ್ನು ವಾಕ್ಯದಿಂದ ಕಿತ್ತು ಕೇಳುವುದು ಇದೇ ಲೋಪದ ಇನ್ನೊಂದು ರೂಪ. 'ಪೀತಾಂಬರ ಎಂಬುದು ಯಾವ ಸಮಾಸ?' ಎಂಬ ಪ್ರಶ್ನೆಯನ್ನು ಗಮನಿಸಬಹುದು. ಹಳದಿ ಬಟ್ಟೆ ಎಂಬ ಅರ್ಥದಲ್ಲಿ ಅದು ಕರ್ಮಧಾರಯ. ಅದನ್ನು ಉಟ್ಟ ವಿಷ್ಣು ಎಂಬ ಅರ್ಥದಲ್ಲಿ ಬಹುವ್ರೀಹಿ. ವಿಗ್ರಹವಾಕ್ಯವನ್ನೋ ಪ್ರಯೋಗವನ್ನೋ ಕೊಡದೆ ಈ ಪ್ರಶ್ನೆಗೆ ಒಂದೇ ಉತ್ತರ ಸಾಧ್ಯವಿಲ್ಲ. ಆಯ್ಕೆಗಳಲ್ಲಿ ಇವೆರಡೂ ಇದ್ದುಬಿಟ್ಟರೆ, ವಿಷಯವನ್ನು ಚೆನ್ನಾಗಿ ಬಲ್ಲವನೇ ಹೆಚ್ಚು ತೊಂದರೆಗೆ ಸಿಲುಕುತ್ತಾನೆ. ಒಂದನ್ನಷ್ಟೇ ಬಾಯಿಪಾಠ ಮಾಡಿದವನು ಸುಖವಾಗಿ ದಾಟಿಹೋಗುತ್ತಾನೆ.

ನಿಷೇಧಾರ್ಥಕ ಪ್ರಶ್ನೆಗಳ ವಿಷಯದಲ್ಲಿ ಕನ್ನಡದ ವಾಕ್ಯರಚನೆಯೇ ಒಂದು ವಿಶೇಷ ತೊಡಕನ್ನು ಒಡ್ಡುತ್ತದೆ. ನಮ್ಮಲ್ಲಿ ನಿಷೇಧವು ವಾಕ್ಯದ ಕೊನೆಗೋ ವಿಶೇಷಣಖಂಡದ ಕೊನೆಗೋ ಬರುತ್ತದೆ. 'ಲೋಪಸಂಧಿಗೆ ಉದಾಹರಣೆಯಲ್ಲದ ಪದವನ್ನು ಗುರುತಿಸಿ' ಎಂಬ ವಾಕ್ಯದಲ್ಲಿ ಓದುಗನು 'ಲೋಪಸಂಧಿಗೆ ಉದಾಹರಣೆ' ಎಂದು ಓದುವಷ್ಟರಲ್ಲಿ ಮನಸ್ಸು ಲೋಪಸಂಧಿಯನ್ನು ಹುಡುಕಲು ಹೊರಟಿರುತ್ತದೆ. ನಿಷೇಧವು ಅದರ ಹಿಂದೆ ಓಡಿ ಬರಬೇಕು. ಇಂಗ್ಲಿಷ್ ಪತ್ರಿಕೆಗಳಲ್ಲಿ ನಿಷೇಧಪದವನ್ನು ದಪ್ಪಕ್ಷರದಲ್ಲಿ ಅಚ್ಚುಮಾಡುವ ರೂಢಿಯಿದೆ. ಅದನ್ನು ನಾವೂ ಅನುಸರಿಸೋಣವೆಂದರೆ ಇಲ್ಲಿ ನಿಷೇಧವು ಬಿಡಿಪದವಾಗಿಯೇ ಇಲ್ಲ. 'ಉದಾಹರಣೆ' ಮತ್ತು 'ಅಲ್ಲದ' ಸೇರಿ ಯಕಾರಾಗಮವಾಗಿ 'ಉದಾಹರಣೆಯಲ್ಲದ' ಆಗಿದೆ. ಸಂಧಿಯನ್ನು ಕೇಳುವ ಪ್ರಶ್ನೆಯಲ್ಲಿ ಸಂಧಿಯೇ ಪ್ರಶ್ನೆಯ ತಿರುಳನ್ನು ನುಂಗಿಬಿಡುತ್ತದೆ ಎಂಬುದು ಕೊಂಚ ತಮಾಷೆಯ ಸಂಗತಿ. ಇಂಥಲ್ಲಿ ಸಂಧಿಯನ್ನು ಬಿಡಿಸಿ 'ಉದಾಹರಣೆ ಅಲ್ಲದ' ಎಂದು ಬರೆದು, 'ಅಲ್ಲದ' ಎಂಬುದರ ಕೆಳಗೆ ಗೆರೆ ಎಳೆಯುವುದು ಯುಕ್ತ. ಶಿಷ್ಟಬರೆಹದ ದೃಷ್ಟಿಯಿಂದ ಇದು ಕೆಲವರಿಗೆ ಒರಟಾಗಿ ಕಾಣಬಹುದು. ಪ್ರಶ್ನೆಪತ್ರಿಕೆಯಲ್ಲಿ ಆ ಒರಟುತನ ಇರಲಿ ಎಂಬುದು ನನ್ನ ಅಭಿಪ್ರಾಯ. 'ತಪ್ಪಾಗಿಲ್ಲದ ಜೋಡಿ' ಎಂಬ ಇಮ್ಮಡಿ ನಿಷೇಧಕ್ಕಂತೂ ಯಾವ ಸಮರ್ಥನೆಯೂ ಇಲ್ಲ, 'ಸರಿಯಾದ ಜೋಡಿ' ಎಂದರೆ ಸಾಕು.

ಇನ್ನು ಸಮಾಂತರ ರಚನೆ. ನಾಲ್ಕು ಆಯ್ಕೆಗಳು ಒಂದೇ ವ್ಯಾಕರಣರೂಪದಲ್ಲಿರಬೇಕು ಎಂಬುದು ಹೊರನೋಟದ ನಿಯಮ. 'ಲೋಪಸಂಧಿ, ಆಗಮ, ಆದೇಶವಾಗುತ್ತದೆ, ಸ್ವರಸಂಧಿ' ಎಂದು ಆಯ್ಕೆಗಳನ್ನು ಕೊಟ್ಟರೆ ಅವು ನೋಡಲು ಅಂದವಾಗಿಲ್ಲ ಎಂಬುದಷ್ಟೇ ದೋಷವಲ್ಲ. ಅಲ್ಲಿ ತರ್ಕದ ದೋಷವೇ ಇದೆ. ಶಾಲಾ ವ್ಯಾಕರಣದ ವಿಭಾಗಕ್ರಮದಲ್ಲಿ ಕನ್ನಡದ ಲೋಪ ಮತ್ತು ಆಗಮಗಳು ಸ್ವರಸಂಧಿಯ ಒಳಗಿನವು, ಆದೇಶವು ವ್ಯಂಜನಸಂಧಿ. 'ಊರೂರು' ಎಂಬ ಪದವನ್ನು ಕೊಟ್ಟು ಈ ನಾಲ್ಕನ್ನು ಮುಂದಿಟ್ಟರೆ ಲೋಪಸಂಧಿಯೂ ಸರಿ, ಸ್ವರಸಂಧಿಯೂ ಸರಿ. ಜಾತಿಯನ್ನೂ ಅದರ ಪ್ರಭೇದವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರಿಂದ ಆದ ಅನರ್ಥವಿದು. ಸಮಾಸದಲ್ಲಿ ಈ ಸಮಸ್ಯೆ ಇನ್ನೂ ಸೂಕ್ಷ್ಮವಾಗಿದೆ. ಸಂಸ್ಕೃತ ವ್ಯಾಕರಣದಲ್ಲಿ ಕರ್ಮಧಾರಯವೂ ದ್ವಿಗುವೂ ತತ್ಪುರುಷದ ಒಳಭೇದಗಳು, ಕನ್ನಡದ ಶಾಲಾ ವ್ಯಾಕರಣಗಳಲ್ಲಿ ಅವು ಪ್ರತ್ಯೇಕ ಸಮಾಸಗಳು. ಸಂಸ್ಕೃತವನ್ನೂ ಓದಿಕೊಂಡು ಬಂದ ಪರೀಕ್ಷಾರ್ಥಿಗೆ 'ತತ್ಪುರುಷ, ಕರ್ಮಧಾರಯ, ದ್ವಿಗು, ದ್ವಂದ್ವ' ಎಂಬ ಸಾಲು ಸಮಾಂತರವಲ್ಲ.

ಆಯ್ಕೆಗಳ ರೂಪವು ಉತ್ತರವನ್ನು ಬಿಟ್ಟುಕೊಡುವ ಪ್ರಸಂಗವೂ ಉಂಟು. 'ಮಳೆ ಬರುವ ಮೊದಲೇ ರೈತನು ____ಗೆ ಮರಳಿದನು' ಎಂಬ ವಾಕ್ಯಕ್ಕೆ 'ಊರು, ಮನೆ, ಬೆಟ್ಟ, ಹೊಲ' ಎಂಬ ಆಯ್ಕೆಗಳಿವೆ ಎಂದುಕೊಳ್ಳೋಣ. ಪರೀಕ್ಷಾರ್ಥಿ ವಾಕ್ಯದ ಅರ್ಥವನ್ನು ಯೋಚಿಸಬೇಕಾಗಿಯೇ ಇಲ್ಲ. 'ಗೆ' ನೇರವಾಗಿ ಅಂಟುವುದು 'ಮನೆ'ಗೆ ಮಾತ್ರ. ಉಳಿದವು ಊರಿಗೆ, ಬೆಟ್ಟಕ್ಕೆ, ಹೊಲಕ್ಕೆ ಎಂದಾಗಬೇಕು. ಕನ್ನಡದಲ್ಲಿ ಚತುರ್ಥಿಯ ರೂಪವು ಪ್ರಕೃತಿಯ ಅಂತ್ಯವನ್ನು ಅನುಸರಿಸಿ ಬದಲಾಗುವುದರಿಂದ ಬಿಟ್ಟಸ್ಥಳದ ಹೊರಗೆ ಪ್ರತ್ಯಯವನ್ನು ಉಳಿಸಿದರೆ ಅದು ಸುಳಿವಾಗುತ್ತದೆ. ಪರಿಹಾರ ಸುಲಭ: ಪ್ರತ್ಯಯವನ್ನು ಆಯ್ಕೆಗಳೊಳಗೇ ಸೇರಿಸಿ 'ಊರಿಗೆ, ಮನೆಗೆ, ಬೆಟ್ಟಕ್ಕೆ, ಹೊಲಕ್ಕೆ' ಎಂದು ಕೊಡಬೇಕು. ಆಗ ನಾಲ್ಕೂ ಅಕ್ಷರದಲ್ಲಿ ಬೇರೆಯಾದರೂ ವಿಭಕ್ತಿಯಲ್ಲಿ ಒಂದೇ. ಹೀಗೆ ತಿದ್ದಿದ ಮೇಲೆ ಇನ್ನೊಂದು ಸತ್ಯವೂ ಹೊರಬೀಳುತ್ತದೆ. ರೈತನು ನಾಲ್ಕರಲ್ಲಿ ಎಲ್ಲಿಗೆ ಬೇಕಾದರೂ ಮರಳಬಹುದು. ಈ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಇದ್ದದ್ದು ಪ್ರತ್ಯಯದ ಸುಳಿವೊಂದೇ. ಆಯ್ಕೆಗಳನ್ನು ಸಮಾಂತರಗೊಳಿಸುವ ಕೆಲಸದಿಂದ ದೊರೆಯುವ ದೊಡ್ಡ ಲಾಭವೆಂದರೆ ಇದೇ ಎಂದು ನನಗೆ ತೋರುತ್ತದೆ.

'ಗುಂಪಿಗೆ ಸೇರದ ಪದ'ವನ್ನು ಕೇಳುವ ಪ್ರಶ್ನೆಯು ಪೂರ್ತಿಯಾಗಿ ಸಮಾಂತರತೆಯ ಮೇಲೆಯೇ ನಿಂತಿದೆ. ಮೂರು ಪದಗಳು ಒಂದು ಲಕ್ಷಣದಲ್ಲಿ ಹೊಂದಬೇಕು, ನಾಲ್ಕನೆಯದು ಅದೇ ಲಕ್ಷಣದಲ್ಲಿ ಹೊಂದಬಾರದು, ಬೇರೆ ಯಾವ ಲಕ್ಷಣದಿಂದಲೂ ಇನ್ನೊಂದು ಪದ ಹೊರಬೀಳಬಾರದು. ಮೂರನೆಯ ಷರತ್ತನ್ನು ಪೂರೈಸುವುದೇ ಕಷ್ಟ. 'ಊರೂರು, ಮನೆಯಲ್ಲಿ, ದೇವಾಲಯ, ಮಳೆಗಾಲ' ಎಂಬ ಗುಂಪನ್ನು ನೋಡೋಣ. ದೇವಾಲಯವು ಸಂಸ್ಕೃತ ಸಂಧಿಯಾದ್ದರಿಂದ ಸೇರದು ಎಂಬುದು ಪ್ರಶ್ನೆಕಾರನ ಎಣಿಕೆಯಾಗಿರಬಹುದು. ಆದರೆ ಮಳೆಗಾಲ ಒಂದರಲ್ಲಿಯೇ ವ್ಯಂಜನ ಬದಲಾಗಿದೆ. ಊರೂರು ದ್ವಿರುಕ್ತಿ. ಮನೆಯಲ್ಲಿ ಎಂಬುದು ಪ್ರಕೃತಿ ಮತ್ತು ಪ್ರತ್ಯಯಗಳ ಸೇರುವೆ, ಉಳಿದವು ಪದ ಮತ್ತು ಪದಗಳವು. ಹೀಗೆ ನಾಲ್ಕು ಪದಗಳಿಗೂ ಗುಂಪಿನಿಂದ ಹೊರಹೋಗಲು ತಕ್ಕ ಕಾರಣವಿದೆ! 'ಸಂಧಿಯ ದೃಷ್ಟಿಯಿಂದ' ಎಂದು ಸೇರಿಸಿದರೂ ಮಳೆಗಾಲ ಮತ್ತು ದೇವಾಲಯಗಳ ನಡುವಣ ಜಗಳ ಮುಗಿಯದು. ಗುಂಪನ್ನೇ ಬದಲಿಸಬೇಕು.

ಮೊದಲೆರಡು ಪದಗಳ ಸಂಬಂಧದಂತೆ ಮೂರನೆಯದಕ್ಕೆ ಸರಿಹೊಂದುವ ಪದವನ್ನು ಬರೆಯುವ ಪ್ರಶ್ನೆ ನಮ್ಮ ಹತ್ತನೆಯ ತರಗತಿಯ ಪತ್ರಿಕೆಗಳಲ್ಲಿ ಪರಿಚಿತವಾದದ್ದು. ಇದು ಒಳ್ಳೆಯ ಪ್ರಶ್ನಾರೂಪ. ಮಾತು ಕಡಿಮೆ, ಯೋಚನೆ ಹೆಚ್ಚು. ಆದರೆ ಇಲ್ಲಿಯೂ ಎರಡು ಬದಿಯ ಹಂತ ಒಂದೇ ಆಗಿರಬೇಕು. 'ಬೆಟ್ಟದಾವರೆ : ಆದೇಶಸಂಧಿ' ಎಂದ ಮೇಲೆ 'ದೇವಾಲಯ'ಕ್ಕೆ ಅಪೇಕ್ಷಿತ ಉತ್ತರ ಸವರ್ಣದೀರ್ಘಸಂಧಿ, 'ಬೆಟ್ಟದಾವರೆ : ಕನ್ನಡ ಸಂಧಿ' ಎಂದಿದ್ದರೆ ಸಂಸ್ಕೃತ ಸಂಧಿ. ಮಾದರಿಯಲ್ಲಿ ಒಂದು ಹಂತವನ್ನು ಕೊಟ್ಟು ಉತ್ತರಸೂಚಿಯಲ್ಲಿ ಇನ್ನೊಂದನ್ನು ಬರೆದರೆ ಮಾದರಿಗೆ ಅರ್ಥವಿಲ್ಲ.

ಕ್ರಿಯಾಸೂಚನೆಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಗುರುತಿಸಿ, ಆರಿಸಿ, ಹೆಸರಿಸಿ, ಸೂಚಿಸಿ, ತಿಳಿಸಿ ಎಂದು ಪ್ರಶ್ನೆಗೊಂದು ಕ್ರಿಯಾಪದ ಬದಲಿಸುವುದು ಪ್ರಬಂಧದಲ್ಲಿ ಶೋಭಿಸೀತು. ಪತ್ರಿಕೆಯಲ್ಲಿ ಒಂದೇ ಕೆಲಸಕ್ಕೆ ಒಂದೇ ಪದ ಸಾಕು. 'ಬಿಡಿಸಿ ಸಂಧಿ ಹೆಸರಿಸಿ' ಎಂಬುದು ಎರಡು ಕೆಲಸ. ಒಂದು ಅಂಕವಿದ್ದರೆ, ಒಂದನ್ನು ಮಾತ್ರ ಸರಿಯಾಗಿ ಮಾಡಿದವನ ಗತಿ ಏನೆಂಬುದನ್ನು ಮೊದಲೇ ತಿಳಿಸಬೇಕು. ಆಯ್ಕೆಗಳಿಗೆ ಅ, ಆ, ಇ, ಈ ಎಂದು ಗುರುತು ಹಾಕಿ, 'ಹ್ರಸ್ವಸ್ವರ ಯಾವುದು?' ಎಂದು ಕೇಳಿ, ಆ ಎಂಬ ಗುರುತಿನ ಮುಂದೆ ಇ ಎಂಬ ಉತ್ತರವನ್ನು ಇರಿಸಿದರೆ ಏನಾಗುತ್ತದೆಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ. ವರ್ಣಮಾಲೆಯ ಪ್ರಶ್ನೆಗಳಿಗೆ ಅಂಕಿಗಳೇ ಲೇಸು.

ಮತ್ತೆ ಮರ ಮತ್ತು ಹಣ್ಣಿನ ಪ್ರಶ್ನೆಗೆ ಬರೋಣ. ಶಾಲಾ ವ್ಯಾಕರಣದ ಹೊಸಗನ್ನಡ ಪಟ್ಟಿಯಲ್ಲಿ ತೃತೀಯೆಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದಿದೆ. ಹಳಗನ್ನಡದ ಪಟ್ಟಿಯಲ್ಲಿ ಪಂಚಮಿಗೆ 'ಅತ್ತಣಿಂ' ಇದೆ. 'ಮರದ ದೆಸೆಯಿಂದ ಹಣ್ಣು ಬಿದ್ದಿತು' ಎಂದು ಇಂದು ಯಾರೂ ಆಡುವುದಿಲ್ಲ; ಅಗಲಿಕೆಗೂ ಸಾಧನಕ್ಕೂ ಬಳಕೆಯಲ್ಲಿರುವುದು 'ಇಂದ' ಒಂದೇ. ಸಂಸ್ಕೃತದ ಚೌಕಟ್ಟನ್ನು ಕನ್ನಡಕ್ಕೆ ಹೊಂದಿಸುವುದರ ವಿರುದ್ಧ ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಕೃತಿಯಲ್ಲಿ ಎತ್ತಿದ ಆಕ್ಷೇಪಗಳನ್ನು ಒಪ್ಪಲಿ ಬಿಡಲಿ, ಈ ಎಡೆಯಲ್ಲಿ ಚೌಕಟ್ಟಿಗೂ ಬಳಕೆಗೂ ಬಿರುಕಿದೆ ಎಂಬುದನ್ನು ಒಪ್ಪಲೇಬೇಕು. ಆ ಬಿರುಕಿನ ಮೇಲೆ ಒಂದು ಅಂಕದ ಪ್ರಶ್ನೆಯನ್ನು ನಿಲ್ಲಿಸುವುದು ನ್ಯಾಯವಲ್ಲ. 'ಪಠ್ಯಪುಸ್ತಕದ ಪ್ರಕಾರ' ಎಂದು ಸೇರಿಸಿ ಪಾರಾಗಬಹುದೆಂದು ಹಿರಿಯ ಸಹೋದ್ಯೋಗಿಯೊಬ್ಬರು ಸೂಚಿಸಿದರು. ಹಾಗೆ ಮಾಡಿದರೆ ಪ್ರಶ್ನೆ ಸ್ಪಷ್ಟವಾಗುತ್ತದೆ, ನಿಜ. ಆದರೆ ಪರೀಕ್ಷೆಗೆ ಒಳಗಾಗುವುದು ವ್ಯಾಕರಣಜ್ಞಾನವಲ್ಲ, ಪಟ್ಟಿಯ ನೆನಪು.

ಕೊನೆಗೆ ನಾನು ಅದನ್ನು ಎರಡು ಪ್ರಶ್ನೆಗಳಾಗಿ ಒಡೆದೆ. ಒಂದು: 'ಮರದಿಂದ ಎಂಬ ಪದದಲ್ಲಿರುವ ವಿಭಕ್ತಿ ಪ್ರತ್ಯಯ ಯಾವುದು?' ಆಯ್ಕೆಗಳು ಅನ್ನು, ಇಂದ, ಕ್ಕೆ, ಅಲ್ಲಿ. ಇನ್ನೊಂದು: 'ಮರದಿಂದ ಹಣ್ಣು ಬಿದ್ದಿತು ಎಂಬ ವಾಕ್ಯದಲ್ಲಿ ಮರ ಯಾವ ಕಾರಕ?' ಆಯ್ಕೆಗಳು ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ಮೊದಲನೆಯದರಲ್ಲಿ ನಾಲ್ಕೂ ಪ್ರತ್ಯಯಗಳು, ಎರಡನೆಯದರಲ್ಲಿ ನಾಲ್ಕೂ ಕಾರಕಗಳು. ವಿಭಕ್ತಿಯ ಸಂಸ್ಕೃತ ಹೆಸರು ಎರಡರಲ್ಲಿಯೂ ಇಲ್ಲ. ಮೊದಲನೆಯದು ಪದವಿ ತರಗತಿಗೆ ತೀರ ಸುಲಭವಾಯಿತೆಂದು ಮುಂದಿನ ವರ್ಷ ಕೈಬಿಟ್ಟೆ. ಎರಡನೆಯದನ್ನು ಇಂದಿಗೂ ಬಳಸುತ್ತಿದ್ದೇನೆ. ಆ ವಿದ್ಯಾರ್ಥಿನಿಯ ಅಂಕವನ್ನು ಅಂದೇ ಹಿಂದಿರುಗಿಸಿದೆ. ತೃತೀಯಾ ಎಂದು ಬರೆದಿದ್ದವರ ಅಂಕವನ್ನು ಮುಟ್ಟಲಿಲ್ಲ.