‘ಫ್ಲೋರ್’: ಪದವೊಂದು, ಅರ್ಥ ಹಲವು

ಆಂಗ್ಲ ಭಾಷೆಯ ‘ಫ್ಲೋರ್’ ಎಂಬ ಪದವು ಮನೆಯ ಕರಾರುಪತ್ರದಿಂದ ಮೊದಲ್ಗೊಂಡು ಶಾಸನಸಭೆಯ ನಡವಳಿಯವರೆಗೆ ಬಳಕೆಯಲ್ಲಿದೆ. ಸಂದರ್ಭಕ್ಕನುಗುಣವಾಗಿ ಅದರ ಅರ್ಥವು ಬದಲಾಗುವುದರಿಂದ ಕನ್ನಡದ ಒಂದೇ ಸಮಾನಪದವು ಎಲ್ಲೆಡೆಯೂ ಸಲ್ಲದು. ಅರ್ಥವನ್ನು ತಪ್ಪಾಗಿ ಗ್ರಹಿಸಿ ದಸ್ತಾವೇಜಿಗೆ ಸಹಿ ಮಾಡಿದಲ್ಲಿ ನಷ್ಟವೂ ಸಂಭವಿಸಬಹುದು.

ನೆಲ: ಕೋಣೆಯೊಳಗೆ ಕಾಲೂರುವ ಸಮತಲವೇ ಈ ಪದದ ಮೂಲಾರ್ಥ. ಇದಕ್ಕೆ ‘ನೆಲ’ ಎಂಬುದೇ ಸಮರ್ಪಕ. ‘ಫ್ಲೋರಿಂಗ್’ ಎಂದರೆ ನೆಲಕ್ಕೆ ಮಾಡುವ ಗಾರೆ, ಹಾಸುಗಲ್ಲು ಮೊದಲಾದ ಕೆಲಸ. ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ಈ ಕೆಲಸಕ್ಕೆ ಕರ್ನಾಟಕದ ಹೊರಗೂ ಹೆಸರಾಗಿದೆ.

ಅಂತಸ್ತು: ಕಟ್ಟಡದ ಒಂದೊಂದು ಹಂತಕ್ಕೂ ‘ಫ್ಲೋರ್’ ಎಂಬ ಹೆಸರಿದೆ. ಭಾರತದಲ್ಲಿ ಬ್ರಿಟಿಷರ ರೂಢಿಯಂತೆ ನೆಲಮಟ್ಟದ ಅಂತಸ್ತು ‘ಗ್ರೌಂಡ್ ಫ್ಲೋರ್’. ಅದರ ಮೇಲಿನದು ಒಂದನೆಯದು. ಅಮೆರಿಕದಲ್ಲಿ ಸಾಮಾನ್ಯವಾಗಿ ನೆಲಮಟ್ಟದ್ದೇ ಒಂದನೆಯದು. ಕನ್ನಡದ ‘ಮಹಡಿ’ ಎಂಬುದು ಮೇಲಂತಸ್ತನ್ನು ಸೂಚಿಸುವುದರಿಂದ, ‘ಒಂದು ಮಹಡಿಯ ಮನೆ’ ಎಂದರೆ ಎರಡು ಅಂತಸ್ತಿನ ಮನೆಯೆಂದೇ ತಿಳಿಯತಕ್ಕದ್ದು. ಅಂತೆಯೇ ನಕ್ಷೆಯಲ್ಲಿ ‘ಜಿ+3’ ಎಂದಿದ್ದರೆ ಒಟ್ಟು ಅಂತಸ್ತುಗಳು ನಾಲ್ಕು.

ವಿಸ್ತೀರ್ಣ: ನಿವೇಶನದ ವಿಸ್ತೀರ್ಣಕ್ಕೂ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ಇರುವ ಪ್ರಮಾಣವನ್ನು ಮುಂಬಯಿಯಲ್ಲಿ ‘ಎಫ್.ಎಸ್.ಐ.’ ಎಂದೂ ದೆಹಲಿಯಲ್ಲಿ ‘ಎಫ್.ಎ.ಆರ್.’ ಎಂದೂ ಕರೆಯುವರು. 1,000 ಚದರ ಮೀಟರ್ ನಿವೇಶನಕ್ಕೆ ಈ ಪ್ರಮಾಣ 2 ಆಗಿದ್ದರೆ, 2,000 ಚದರ ಮೀಟರ್ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ತಲಾ 500 ಚದರ ಮೀಟರಿನ ನಾಲ್ಕು ಅಂತಸ್ತುಗಳಾಗಿ ಕಟ್ಟಬಹುದು. ಇತರ ನಿಯಮಗಳು ಅನುಮತಿಸಿದಲ್ಲಿ ತಲಾ 250ರ ಎಂಟು ಅಂತಸ್ತುಗಳಾಗಿಯೂ ಕಟ್ಟಬಹುದು.

ಆದರೆ ಮನೆ ಕೊಳ್ಳುವವರಿಗೆ ಮುಖ್ಯವಾದುದು ‘ಕಾರ್ಪೆಟ್ ಏರಿಯಾ’. 2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮದ ಪ್ರಕಾರ ಇದು ಮನೆಯ ನಿವ್ವಳ ಉಪಯುಕ್ತ ನೆಲದ ವಿಸ್ತೀರ್ಣ. ಒಳಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆಗಳು, ಬಾಲ್ಕನಿ, ಜಗಲಿ, ತೆರೆದ ತಾರಸಿ ಹಾಗೂ ಕೊಳವೆಗಳೇ ಮೊದಲಾದ ಸೇವಾ ಮಾರ್ಗಗಳ ಜಾಗ ಸೇರುವುದಿಲ್ಲ. ‘ಬಿಲ್ಟ್-ಅಪ್’ ಮತ್ತು ‘ಸೂಪರ್ ಬಿಲ್ಟ್-ಅಪ್’ ಅಂಕಿಗಳು ಇದಕ್ಕಿಂತ ದೊಡ್ಡವು. ಆದುದರಿಂದ ಕರಾರಿನಲ್ಲಿ ನಮೂದಿಸಿದ ಅಂಕಿಯು ಯಾವುದೆಂದು ಸಹಿಗೆ ಮುನ್ನ ಕೇಳಿ ತಿಳಿಯುವುದು ಹಿತಕರ.

ಸದನ: ಶಾಸನಸಭೆಯ ಸಂದರ್ಭದಲ್ಲಿ ‘ಫ್ಲೋರ್’ ಎಂದರೆ ಸದಸ್ಯರು ಸೇರಿ ಕಲಾಪ ನಡೆಸುವ ಸ್ಥಳ. ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರಲ್ಲಿ ತೀರ್ಪು ನೀಡಿತು. ಸರಕಾರದ ಬಹುಮತವನ್ನು ನಿರ್ಣಯಿಸಬೇಕಾದ ಸ್ಥಳ ಸದನವೇ ಹೊರತು ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯವಲ್ಲ ಎಂಬ ತತ್ತ್ವವು ಅದರಿಂದ ದೃಢಪಟ್ಟಿತು. ಆದ್ದರಿಂದ ‘ಫ್ಲೋರ್ ಟೆಸ್ಟ್’ ಎಂಬುದಕ್ಕೆ ‘ಸದನದಲ್ಲಿ ಬಹುಮತ ಪರೀಕ್ಷೆ’ ಎನ್ನುವುದು ಉಚಿತ. ‘ನೆಲದ ಪರೀಕ್ಷೆ’ ಎಂದರೆ ಅಪಾರ್ಥವಾದೀತು.

ತಳಮಿತಿ: ನೆಲದಿಂದ ಕೆಳಗೆ ಇಳಿಯಲಾಗದು ಎಂಬ ಭಾವನೆಯಿಂದ ಈ ಅರ್ಥವು ಹುಟ್ಟಿದೆ. 2019ರ ವೇತನ ಸಂಹಿತೆಯ 9ನೆಯ ಪ್ರಕರಣದ ಮೇರೆಗೆ ಕೇಂದ್ರ ಸರಕಾರವು ‘ಫ್ಲೋರ್ ವೇಜ್’ ಅಥವಾ ತಳಮಟ್ಟದ ವೇತನವನ್ನು ಗೊತ್ತುಪಡಿಸತಕ್ಕದ್ದು. ಯಾವ ರಾಜ್ಯದ ಕನಿಷ್ಠ ವೇತನವೂ ಅದಕ್ಕಿಂತ ಕಡಿಮೆ ಇರಕೂಡದು. ಮೊದಲೇ ಹೆಚ್ಚಿದ್ದಲ್ಲಿ ಅದನ್ನು ಇಳಿಸುವಂತಿಲ್ಲ.

ಹೀಗೆ ಕಾಲಡಿಯ ನೆಲವನ್ನು ಸೂಚಿಸುವ ಪದವೇ ಕೊಳ್ಳುವವನ ಹಕ್ಕು, ಸರಕಾರದ ಅಳಿವು ಉಳಿವು ಮತ್ತು ಕಾರ್ಮಿಕನ ಕೂಲಿಯನ್ನು ಕುರಿತು ಹೇಳುವ ಪದವೂ ಆಗಿದೆ. ಅದು ಬಂದಲ್ಲೆಲ್ಲ ಸಂದರ್ಭವನ್ನು ವಿಚಾರಿಸಿ ಅರ್ಥೈಸುವುದು ಕ್ಷೇಮ.