ನಮ್ಮ ಮನೆಗಳ ಕನ್ನಡ

ಮುಂಬಯಿಯ ಕನ್ನಡ ಶಾಲೆಯೊಂದರ ತರಗತಿಯಲ್ಲಿ ಕುಳಿತ ಮಕ್ಕಳೆಲ್ಲರೂ ಓದುವ ಪಠ್ಯಪುಸ್ತಕ ಒಂದೇ. ಅವರು ಮನೆಯಿಂದ ತಂದ ಕನ್ನಡ ಮಾತ್ರ ಒಂದೇ ಅಲ್ಲ. ಒಬ್ಬನ ತಂದೆತಾಯಿಗಳು ವಿಜಯಪುರದ ಕಡೆಯವರು, ಇನ್ನೊಬ್ಬಳ ಹಿರಿಯರು ಕುಂದಾಪುರದವರು, ಮತ್ತೊಬ್ಬನ ಅಜ್ಜಿಯ ಊರು ಮಂಡ್ಯದ ಬಳಿಯ ಹಳ್ಳಿ. ತುಳುವನ್ನು ಮನೆಮಾತಾಗಿ ಉಳ್ಳವರೂ ಹಲವರು. ಹೀಗಿರಲು, ಊಟದ ಬಿಡುವಿನಲ್ಲಿ ಡಬ್ಬಿ ತೆರೆದೊಡನೆ ಮಾತಿನ ಭೇದವೂ ಹೊರಬೀಳುವುದು ಸಹಜವೇ. ಒಬ್ಬನು ‘ಉಳ್ಳಾಗಡ್ಡಿ’ ಎಂದರೆ ಇಬ್ಬರು ನಗುತ್ತಾರೆ. ನಕ್ಕವರು ಸಂಜೆಗೆ ಮರೆಯುತ್ತಾರೆ, ನಗೆಗೀಡಾದವನು ಮರೆಯುವುದಿಲ್ಲ. ಮರುದಿನದಿಂದ ಅವನು ಆ ಮಾತನ್ನು ಶಾಲೆಯಲ್ಲಿ ಬಿಡುತ್ತಾನೆ, ಕೆಲವು ವರ್ಷಗಳಲ್ಲಿ ಮನೆಯಲ್ಲಿಯೂ ಬಿಡುತ್ತಾನೆ. ಆ ನಗೆಗೆ ಆಧಾರವೇನಾದರೂ ಉಂಟೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಆ ಪದವನ್ನೇ ಮೊದಲು ತೆಗೆದುಕೊಳ್ಳಿರಿ. ಮೈಸೂರಿನ ಕಡೆ ಈರುಳ್ಳಿ, ಕರಾವಳಿಯಲ್ಲಿ ನೀರುಳ್ಳಿ, ಧಾರವಾಡ ವಿಜಯಪುರಗಳಲ್ಲಿ ಉಳ್ಳಾಗಡ್ಡಿ. ಮೂರನ್ನೂ ಬಿಡಿಸಿ ನೋಡಿದರೆ ಒಳಗೆ ಇರುವುದು ‘ಉಳ್ಳಿ’ ಎಂಬ ಒಂದೇ ಮಾತು. ತಮಿಳು, ತೆಲುಗುಗಳಲ್ಲಿಯೂ ಈ ಮಾತು ಉಂಟು. ಬೆಳ್ಳುಳ್ಳಿಯೆಂದರೆ ಬಿಳಿಯ ಉಳ್ಳಿಯೇ ಅಲ್ಲವೆ? ನಕ್ಕವನ ಪದವೂ ನಗೆಗೀಡಾದವನ ಪದವೂ ಒಂದೇ ತಾಯಿಯ ಮಕ್ಕಳು.

ಇನ್ನು ಶೇಂಗಾದ ವಿಷಯ ಬೇರೆ. ಉತ್ತರದವರು ಶೇಂಗಾ ಎನ್ನುವುದನ್ನು ಬೆಂಗಳೂರು ಮೈಸೂರಿನವರು ಕಡಲೆಕಾಯಿ ಎನ್ನುತ್ತಾರೆ. ಮಂಗಳೂರಿನವರಿಗೆ ಅದು ನೆಲಗಡಲೆ. ಇಲ್ಲಿ ಬೇರೆಬೇರೆ ಹೆಸರುಗಳೇಕೆ ಬಂದವು? ನೆಲಗಡಲೆಯು ನಮ್ಮ ದೇಶದ ಬೆಳೆಯಲ್ಲ; ದಕ್ಷಿಣ ಅಮೆರಿಕದಿಂದ ಬಂದದ್ದು. ಹೆಸರಿಲ್ಲದೆ ಬಂದ ಹೊಸ ಕಾಳಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಪರಿಚಿತವಾದ ಕಡಲೆಯನ್ನು ನೆನೆದು ಒಬ್ಬರು ಕರೆದರು. ನೆಲದೊಳಗೆ ಬೆಳೆಯುವುದನ್ನು ಕಂಡು ಮತ್ತೊಬ್ಬರು ಕರೆದರು. ಮರಾಠಿ ನೆರೆಯಲ್ಲಿದ್ದವರು ‘ಶೇಂಗ’, ಎಂದರೆ ಕೋಡು, ಎಂಬುದನ್ನೇ ಎರವು ಪಡೆದರು. ಆಲೂಗಡ್ಡೆಯ ಕಥೆಯೂ ಇದೇ. ಅದು ಕರಾವಳಿಯಲ್ಲಿ ಬಟಾಟೆ, ಧಾರವಾಡದ ಕಡೆ ಬಟಾಟಿ. ಪೋರ್ತುಗೀಸರ ‘ಬತಾತ’ ಎಂಬ ಮಾತು ಪಶ್ಚಿಮ ತೀರದಲ್ಲಿ ಇಳಿದು ಮರಾಠಿಗೂ ಕನ್ನಡಕ್ಕೂ ಸೇರಿತು. ನೀವು ಬೀದಿಯಲ್ಲಿ ಕೊಂಡು ತಿನ್ನುವ ಬಟಾಟಾವಡೆಯ ಹೆಸರಿನಲ್ಲಿಯೂ ಅದೇ ಮಾತಿದೆ. ನೀರು, ಹಾಲು, ಉಪ್ಪು ಮುಂತಾದ ಹಳೆಯ ವಸ್ತುಗಳಿಗಾದರೋ, ಉಚ್ಚಾರಣೆ ಅಷ್ಟಿಷ್ಟು ಬದಲಾದರೂ, ನಾಡಿಗೆಲ್ಲ ಒಂದೇ ಹೆಸರು. ಹೊಸದಾಗಿ ಬಂದುದಕ್ಕೆ ಊರಿಗೊಂದು ಹೆಸರು. ಇದು ಎಲ್ಲ ಕಡೆಗೂ ಹೊಂದುವ ಸೂತ್ರವಲ್ಲ. ಆದರೂ ಪದಗಳನ್ನು ಹುಡುಕಹೊರಟವರಿಗೆ ಒಳ್ಳೆಯ ಕೈದೀಪ.

ಆಳಿಕೆಯೂ ಮಾತನ್ನು ಬೇರ್ಪಡಿಸಿತು. 1956ರ ನವೆಂಬರ್ 1ರಂದು ಒಂದಾಗುವ ಮೊದಲು ಕನ್ನಡನಾಡು ಹಲವು ತುಂಡುಗಳಾಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು, ಮಂಗಳೂರು ಮದರಾಸಿಗೆ, ಕಲಬುರಗಿ, ರಾಯಚೂರು, ಬೀದರಗಳು ನಿಜಾಮರ ಹೈದರಾಬಾದಿಗೆ. ಮೈಸೂರು, ಕೊಡಗುಗಳು ಬೇರೆ. ತಾಲ್ಲೂಕಿನ ಒಬ್ಬ ಅಧಿಕಾರಿಯನ್ನೇ ಮೈಸೂರಿನವರು ಅಮಲ್ದಾರನೆಂದೂ ಮುಂಬಯಿ ಪ್ರಾಂತದವರು ಮಾಮಲೇದಾರನೆಂದೂ ಮದರಾಸಿನ ಕಡೆಯವರು ತಹಶೀಲ್ದಾರನೆಂದೂ ಕರೆದರು. (ಮೂರೂ ಅರಬ್ಬಿ ಪಾರಸಿಗಳ ಮೂಲದಿಂದ ಬಂದವು, ಶುದ್ಧ ಕನ್ನಡದ ಹೆಮ್ಮೆ ಯಾರಿಗೂ ಸಲ್ಲದು!) ಚಿಕ್ಕಪ್ಪನಿಗೆ ‘ಕಾಕಾ’, ಅತ್ತಿಗೆಗೆ ‘ವೈನಿ’ ಎಂದು ಉತ್ತರದ ಮನೆಗಳಲ್ಲಿ ಹೇಳುವುದೂ ಮರಾಠಿಯ ನೆರೆಯಿಂದಲೇ. ‘ಆಯಿ’ ಎಂಬ ಮಾತಂತೂ ಮಕ್ಕಳನ್ನು ತಬ್ಬಿಬ್ಬು ಮಾಡಬಲ್ಲದು: ಮರಾಠಿಯಲ್ಲಿ ಅವಳು ತಾಯಿ, ಉತ್ತರ ಕನ್ನಡದ ಹವ್ಯಕರ ಮನೆಗಳಲ್ಲಿಯೂ ತಾಯಿ, ಧಾರವಾಡದ ಕಡೆಯ ಕೆಲವು ಮನೆಗಳಲ್ಲಿ ಅಜ್ಜಿ.

ಎರವಲು ಪದಗಳಿವೆಯೆಂದು ಉತ್ತರದ ಕನ್ನಡವನ್ನು ಕೀಳೆಂದು ಎಣಿಸುವವರುಂಟು. ಅವರು ‘ಅರಿವಿ’ ಎಂಬ ಪದವನ್ನು ಗಮನಿಸಬೇಕು. ಉತ್ತರದ ಮನೆಗಳಲ್ಲಿ ಬಟ್ಟೆಗೆ ಅರಿವಿ ಎನ್ನುತ್ತಾರೆ. ‘ಅರಿ’, ಎಂದರೆ ಕತ್ತರಿಸು, ಎಂಬ ಧಾತುವಿನಿಂದ ಹುಟ್ಟಿದ ಬಹು ಹಳೆಯ ಪದವಿದು. ಹಳೆಯ ತಮಿಳಿನ ‘ಅಱುವೈ’ ಇದರ ಸೋದರಿ. ‘ಬಟ್ಟೆ’ ಎಂಬ ರೂಪಕ್ಕಾದರೋ ಹಳಗನ್ನಡ ಕಾವ್ಯಗಳಲ್ಲಿ ‘ದಾರಿ’ ಎಂಬ ಅರ್ಥವೂ ಉಂಟು. ಹಾಗೆಯೇ, ‘ನಾನು’ ಎನ್ನುವುದಕ್ಕೆ ಹವ್ಯಕರು ‘ಆನು’ ಎಂದರೆ ಅದು ಅಶುದ್ಧವಲ್ಲ, ಹಳಗನ್ನಡದ ‘ಆನ್’ ಮನೆಯೊಳಗೆ ಉಳಿದುಬಂದ ಬಗೆ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ಈ ಭೇದದ ಮಾತು ಬಂದಿದೆ. ದೇಶಭೇದದಿಂದ ಕನ್ನಡವು ಬೇರೆಬೇರೆಯಾಗಿರುವುದರಿಂದ, ಅದರ ದೋಷಗಳು ಇಷ್ಟೆಂದು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದು ಅಲ್ಲಿ ಹೇಳಿದೆ. ‘ಕನ್ನಡ’ವೆಂಬುದನ್ನು ಅಲ್ಲಿ ಬಹುವಚನದಲ್ಲಿ ಬಳಸಿರುವುದು ವಿಶೇಷ. ತಿರುಳ್ಗನ್ನಡದ ನಾಡೆಂದು ಅದು ಗುರುತಿಸುವ ಕಿಸುವೊಳಲು, ಕೊಪಣ, ಪುಲಿಗೆರೆ ಎಂಬ ಊರುಗಳು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ಎಲ್ಲವೂ ಉಳ್ಳಾಗಡ್ಡಿಯ ಸೀಮೆಯೇ!

ಒಂದೇ ಪದ ಎರಡು ಅರ್ಥ ಕೊಡುವಲ್ಲಿ ಮಾತ್ರ ಎಚ್ಚರ ಬೇಕು. ಮೈಸೂರಿನವನು ‘ತಿಂಡಿ ಆಯಿತೆ?’ ಎಂದರೆ ಅದು ಆದರದ ಮಾತು. ವಿಜಯಪುರದ ಕಡೆ ‘ತಿಂಡಿ’ ಎಂದರೆ ಮೈತುರಿಕೆ, ಕಾಲು ಕೆರೆದು ಜಗಳಕ್ಕೆ ಹೋಗುವ ಚಟ. ‘ಹಿಟ್ಟು’ ಇನ್ನೊಂದು. ಮಂಡ್ಯ, ತುಮಕೂರುಗಳ ಹಳ್ಳಿಯವರಿಗೆ ಹಿಟ್ಟು ಎಂದರೆ ಬೇಯಿಸಿದ ರಾಗಿಮುದ್ದೆ. ಇತರರಿಗೆ ಬೀಸಿದ ಪುಡಿ. ‘ಹಿಟ್ಟು ತಿಂದು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆಯನ್ನು ಕೇಳಿದ ಕಲಬುರಗಿಯ ಹುಡುಗನು, ಒಣಹಿಟ್ಟನ್ನು ಮುಕ್ಕಿದವನಿಗೆ ಬೆಟ್ಟ ಕೀಳುವ ಬಲ ಎಲ್ಲಿಂದ ಬಂತೆಂದು ಬೆರಗಾದರೆ ತಪ್ಪೇನು? ಗಾದೆಗಳಿಗೂ ಹೊಲಗದ್ದೆಗಳುಂಟು. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ, ರಾಗಿ ತಿಂದವ ನಿರೋಗಿ ಎಂಬ ಮಾತಿನಲ್ಲಿ ನಾಡಿನ ಮೂರು ಬೆಳೆಗಳ ಸೀಮೆಗಳೂ ಇವೆ. ಅನ್ನ ಉಣ್ಣುವ ಕರಾವಳಿಯವನು ಇದನ್ನು ಹೇಳಿರಲಾರನೆಂದು ನನ್ನ ಊಹೆ.

ಹಾಗಾದರೆ ಪರೀಕ್ಷೆಯಲ್ಲಿ ಮನೆಮಾತನ್ನೇ ಬರೆಯಬಹುದೆ ಎಂದು ನೀವು ಕೇಳಬಹುದು. ಬಾರದು. ಬೀದರದವನಿಗೂ ಮಡಿಕೇರಿಯವನಿಗೂ ಸಮಾನವಾಗಿ ತಿಳಿಯುವ ಬರೆಹದ ಕನ್ನಡವೊಂದು ಬೇಕೇ ಬೇಕು. ಅದನ್ನು ಶ್ರದ್ಧೆಯಿಂದ ಕಲಿಯಿರಿ. ಆದರೆ ಬರೆಹಕ್ಕೆ ಬಾರದ ಮಾತೆಲ್ಲ ತಪ್ಪೆಂದು ತಿಳಿಯಬೇಡಿ. ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲಿ ಕವಿತೆ ಕಟ್ಟಿದರು. 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ನಂಜನಗೂಡು ಸೀಮೆಯ ಹಳ್ಳಿಯ ಮಾತು ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಕಾವ್ಯದ ಪದಗಳ ಜೊತೆಗೆ ಜನರ ಗಾದೆಗಳಿಗೂ ಎಡೆ ದೊರೆಯಿತು.

ಊರಿನಲ್ಲಿರುವ ಮಗುವಿಗೆ ಇಂಥ ಪದಗಳು ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕಿವಿಗೆ ಬೀಳುತ್ತವೆ. ನಗರದ ನಿಮಗೆ ಅವು ಕೇಳುವುದು ಅಜ್ಜಿಯೊಬ್ಬಳ ಬಾಯಿಂದ ಮಾತ್ರ. ಆದುದರಿಂದ ಒಂದು ವಹಿಯನ್ನು ಇಟ್ಟುಕೊಳ್ಳಿರಿ. ಬೀಗ ತೆರೆಯುವ ಸಾಧನಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ: ಬೀಗದ ಕೈಯೊ, ಕೀಲಿಕೈಯೊ, ಚಾವಿಯೊ? ಪರಂಗಿಹಣ್ಣಿಗೆ? ಸೀಬೆಗೆ? ಊರಿಗೆ ಹೊರಟವರು ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವುದನ್ನು ಕೇಳಿದ್ದೀರಾ? (ಮರಾಠಿಯವರೂ ‘ಯೇತೊ’ ಎನ್ನುತ್ತಾರೆ, ನೆರೆಮನೆಯಲ್ಲಿ ಕೇಳಿ ನೋಡಿರಿ.) ಪದವನ್ನು ತಿದ್ದದೆ, ಹೇಳಿದವರ ಬಾಯಿಂದ ಬಂದಂತೆಯೇ ಬರೆಯಿರಿ. ಪಕ್ಕದಲ್ಲಿ ಹೇಳಿದವರು ಯಾರು, ಅವರು ಹುಟ್ಟಿ ಬೆಳೆದ ಊರು ಯಾವುದು ಎಂಬುದನ್ನೂ ಬರೆಯಿರಿ. ಜಿಲ್ಲೆಯ ಹೆಸರೊಂದೇ ಸಾಲದು, ತಾಲ್ಲೂಕು ಬೇಕು; ಹತ್ತು ಹರದಾರಿಯೊಳಗೇ ಮಾತು ಬದಲಾಗುವುದುಂಟು.